ರಕ್ತದಾನದ ನಂತರ 'ಹೆಪಟೈಟಿಸ್ ಬಿ' ಅಂದರೆ ಮುಂದೇನು?

ಗುಂಡ್ಲುಪೇಟೆಯ ಕಾಲೇಜಿನಲ್ಲೋ ಚಾಮರಾಜನಗರದ ಶಿಬಿರದಲ್ಲೋ ರಕ್ತ ಕೊಟ್ಟು ಬಂದಿರುತ್ತೀರಿ. ಕೆಲವು ದಿನಗಳ ನಂತರ ರಕ್ತನಿಧಿಯಿಂದ ಫೋನ್: 'ಒಂದ್ಸಲ ಬಂದು ಹೋಗಿ.' ದಾನವಾಗಿ ಬಂದ ಪ್ರತಿ ಯೂನಿಟ್ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಕ್ಕೆ ಪರೀಕ್ಷಿಸುವುದು ಕಡ್ಡಾಯ. ಲಿವರ್‌ಗೆ ತಗುಲುವ ವೈರಸ್ ಸೋಂಕಾದ ಹೆಪಟೈಟಿಸ್ ಬಿ ಇದ್ದರೂ ವರ್ಷಗಟ್ಟಲೆ ಕಾಮಾಲೆಯಾಗಲಿ ಸುಸ್ತಾಗಲಿ ಕಾಣದೆ ಇರಬಹುದು. ಹಾಗಾಗಿ ಎಷ್ಟೋ ಜನರಿಗೆ ವಿಷಯ ಮೊದಲು ಗೊತ್ತಾಗುವುದೇ ಈ ಫೋನಿನಿಂದ. ಗಾಬರಿಯೂ ಬೇಡ, ಉದಾಸೀನವೂ ಬೇಡ. ಹೀಗೆ ಮಾಡಿ.

1. ಕರೆದರೆ ಹೋಗಿ

ರಕ್ತ ಕೊಡುವಾಗಲೇ ದಾನಿಯ ಅರ್ಜಿಯಲ್ಲಿ ಸರಿಯಾದ ಮೊಬೈಲ್ ನಂಬರ್ ಬರೆಯಿರಿ. ಫಲಿತಾಂಶ ತಿಳಿಸಲು ಒಪ್ಪಿಗೆ ಕೇಳಿದ್ದರೆ ಒಪ್ಪಿಗೆ ಕೊಡಿ. ರಕ್ತನಿಧಿಯಲ್ಲಿ ಆಪ್ತ ಸಮಾಲೋಚಕರು ನಿಮ್ಮೊಬ್ಬರೊಂದಿಗೇ ಮಾತನಾಡುತ್ತಾರೆ, ವಿಷಯ ಗೋಪ್ಯವಾಗಿರುತ್ತದೆ. 'ರಿಯಾಕ್ಟಿವ್' ಎಂದರೆ ಮೊದಲ ಪರೀಕ್ಷೆಯಲ್ಲಿ ಸುಳಿವು ಸಿಕ್ಕಿದೆ ಎಂದಷ್ಟೇ ಅರ್ಥ, ಅದೇ ಕೊನೆಯ ತೀರ್ಮಾನವಲ್ಲ.

2. ದೃಢಪಡಿಸಿಕೊಳ್ಳಿ

ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಪತ್ತೆಹಚ್ಚುವ) ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಪಾಸಿಟಿವ್ ಬಂದರೆ ಲಿವರ್ ಪರೀಕ್ಷೆ, ವೈರಸ್‌ನ ಪ್ರಮಾಣ ತಿಳಿಸುವ ಡಿಎನ್‌ಎ ಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಬೇಕಾಗುತ್ತವೆ. 6 ತಿಂಗಳ ನಂತರವೂ ಪಾಸಿಟಿವ್ ಇದ್ದರೆ ಅದು ದೀರ್ಘಕಾಲದ ಸೋಂಕು. ದೊಡ್ಡವರಾದ ಮೇಲೆ ಸೋಂಕು ತಗುಲಿದವರಲ್ಲಿ ಶೇ 95ರಷ್ಟು ಜನರಿಗೆ ತಾನಾಗಿಯೇ ವಾಸಿಯಾಗುತ್ತದೆ. ಹುಟ್ಟುವಾಗಲೇ ತಾಯಿಯಿಂದ ಬಂದರೆ ಶೇ 90ರಷ್ಟು ಮಕ್ಕಳಲ್ಲಿ ಉಳಿದುಕೊಳ್ಳುತ್ತದೆ. ಶಿಬಿರದಲ್ಲಿ ಪತ್ತೆಯಾದದ್ದು ಇಂಥ ಹಳೆಯ ಸೋಂಕೂ ಆಗಿರಬಹುದು. ಆದ್ದರಿಂದ ಯಾರ ನಡತೆಯನ್ನೂ ಅನುಮಾನಿಸಬೇಡಿ.

3. ವೈದ್ಯರ ಬಳಿಯೇ ಹೋಗಿ

2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧಿ ಉಚಿತ. ಚಾಮರಾಜನಗರ ಹೊರವಲಯದ ಯಡಪುರದಲ್ಲಿರುವ ಸಿಮ್ಸ್ (ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಬೋಧನಾ ಆಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ಬಗ್ಗೆ ವಿಚಾರಿಸಿ. ಗುಂಡ್ಲುಪೇಟೆಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿಕೊಂಡು, ತೆರಕಣಾಂಬಿ ಮಾರ್ಗವಾಗಿ ಚಾಮರಾಜನಗರಕ್ಕೆ ಹೋಗಬಹುದು.

ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರಿಗೆ ಟೆನೊಫೊವಿರ್‌ನಂಥ ಮಾತ್ರೆ ಕೊಡುತ್ತಾರೆ. ಅದು ವೈರಸ್ಸನ್ನು ಹತೋಟಿಯಲ್ಲಿಟ್ಟು ಲಿವರ್ ಉಳಿಸುತ್ತದೆ. ಚೆನ್ನಾಗಿದ್ದೀನಲ್ಲ ಎಂದು ನಡುವೆ ಬಿಟ್ಟರೆ ಕಾಯಿಲೆ ಒಮ್ಮೆಲೇ ಉಲ್ಬಣಿಸಬಹುದು. ಮಾತ್ರೆ ಬೇಕಿಲ್ಲದವರೂ ವೈದ್ಯರು ಹೇಳಿದ ದಿನಕ್ಕೆ ತಪಾಸಣೆಗೆ ಹೋಗಲೇಬೇಕು, ಏಕೆಂದರೆ ಈ ಸೋಂಕು ಸದ್ದಿಲ್ಲದೆ ಲಿವರ್ ಗಟ್ಟಿಯಾಗುವ ಸಿರೋಸಿಸ್‌ಗೆ, ಲಿವರ್ ಕ್ಯಾನ್ಸರ್‌ಗೆ ತಿರುಗಬಲ್ಲದು. ಮದ್ಯ ಪೂರ್ತಿ ಬಿಡಿ. ನಾಟಿ ಔಷಧಿಗೆ ಓಡಬೇಡಿ. ಕಣ್ಣಿನ ಹಳದಿ ಇಳಿದ ಮಾತ್ರಕ್ಕೆ ವೈರಸ್ ಹೋಯಿತೆಂದಲ್ಲ.

4. ಮನೆಯವರಿಗೂ ಪರೀಕ್ಷೆ, ಲಸಿಕೆ

ಗಂಡ ಅಥವಾ ಹೆಂಡತಿ, ಮಕ್ಕಳು, ತಾಯಿ, ಒಡಹುಟ್ಟಿದವರಿಗೆ ಪರೀಕ್ಷೆ ಮಾಡಿಸಿ. ಸೋಂಕು ಇಲ್ಲದ, ಲಸಿಕೆಯೂ ಆಗದ ದೊಡ್ಡವರಿಗೆ 3 ಡೋಸ್ ಹಾಕಿಸಿ: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಗರ್ಭಿಣಿಗೆ ಸೋಂಕಿದ್ದರೆ ಹೆರಿಗೆಗೆ ಮೊದಲೇ ವೈದ್ಯರಿಗೆ ತಿಳಿಸಿ. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು.

ಈ ವೈರಸ್ ಹರಡುವುದು ರಕ್ತ, ಲೈಂಗಿಕ ಸಂಪರ್ಕ ಮತ್ತು ಹೆರಿಗೆಯ ಮೂಲಕ. ಒಣಗಿದ ರಕ್ತದಲ್ಲೂ 7 ದಿನ ಬದುಕಬಲ್ಲದು. ಆದ್ದರಿಂದ ರೇಜರ್, ಬ್ರಷ್, ಉಗುರು ಕತ್ತರಿ ಬೇರೆ ಬೇರೆ ಇರಲಿ. ಸಲೂನಿನಲ್ಲಿ ಹೊಸ ಬ್ಲೇಡ್ ಕೇಳಿ. ಲಸಿಕೆಯ ರಕ್ಷಣೆ ಸಿಗುವವರೆಗೆ ದಂಪತಿ ಕಾಂಡೋಮ್ ಬಳಸಲಿ. ಆದರೆ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ತಿಂದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ, ಮಗುವನ್ನು ಎತ್ತಿ ಆಡಿಸಿದರೆ ಬರುವುದಿಲ್ಲ. ಸೋಂಕಿತರಿಗೆ ತಟ್ಟೆ, ಚಾಪೆ ಬೇರೆ ಇಡುವುದು ತಪ್ಪು, ಕ್ರೂರ ಕೂಡ.

5. ಮತ್ತೆ ರಕ್ತ ಕೊಡಬೇಡಿ

ಸೋಂಕು ದೃಢಪಟ್ಟವರು ಮುಂದೆಂದೂ ರಕ್ತ ಕೊಡುವಂತಿಲ್ಲ. ನೆಂಟರಿಗೆ ತುರ್ತಾಗಿ ಬೇಕಾದರೂ ಇದೇ ನಿಯಮ. 'ಹೇಗೂ ಪರೀಕ್ಷೆ ಮಾಡ್ತಾರಲ್ಲ' ಎಂದು ಯಾರೂ ಸುಮ್ಮನಾಗಬಾರದು. ಹೊಸದಾಗಿ ತಗುಲಿದ ಸೋಂಕು ಮೊದಲ ಕೆಲವು ವಾರ ಪರೀಕ್ಷೆಗೆ ಸಿಗದೆ ಹೋಗಬಹುದು. ಆಗ ರೋಗಿಯನ್ನು ಕಾಯುವುದು ದಾನಿ ಕೊಡುವ ನಿಜವಾದ ಉತ್ತರ ಮಾತ್ರ. ಹಿಂದೆ ಕಾಮಾಲೆ ಬಂದಿದ್ದರೆ, ವರ್ಷದೊಳಗೆ ಹಚ್ಚೆ ಹಾಕಿಸಿದ್ದರೆ ಮುಚ್ಚುಮರೆಯಿಲ್ಲದೆ ಹೇಳಿ. ರಕ್ತ ಕೊಡಲಾಗದವರು ಶಿಬಿರಕ್ಕೆ ಆರೋಗ್ಯವಂತ ಗೆಳೆಯರನ್ನು ಕರೆತನ್ನಿ, ಅರ್ಜಿಯ ಪ್ರತಿ ಪ್ರಶ್ನೆಯನ್ನೂ ಓದಿ ಉತ್ತರಿಸಲು ಹೇಳಿ. ರೋಗಿಗೆ ಅದೂ ಜೀವ ಉಳಿಸುವ ಸಹಾಯವೇ.