ಹುಳಿ ಸೇಬಿಗೆ ಹೆದರಬೇಡ

ಪುಟ್ಟೀ, ನಿಮ್ಮ ಬೀದಿಯಲ್ಲಿ ಯಾರದೋ ಮನೆಯ ಗೇಟಿನ ಪಕ್ಕ ರಟ್ಟಿನ ಪೆಟ್ಟಿಗೆಯ ತುಂಬ ಸೇಬು ಸುರಿದು, ‘ಬೇಕಾದವರು ತೆಗೆದುಕೊಳ್ಳಿ’ ಎಂದು ಚೀಟಿ ಅಂಟಿಸಿದ್ದಾರೆ, ದುಡ್ಡು ಕೊಡದೆ ಹೇಗೆ ಮುಟ್ಟೋದು ಅಂತ ಬಿಟ್ಟು ಬಂದೆ ಎಂದೆಯಲ್ಲ. ನಾಳೆಯೇ ಹೋಗಿ ಚೀಲ ತುಂಬಿಕೊಂಡು ಬಾ. ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹಿತ್ತಲಲ್ಲೊಂದು ಸೇಬಿನ ಮರವಿರುವವರ ಪಾಡೇ ಅದು. ಒಂದು ಮರ ಬಿಟ್ಟ ಹಣ್ಣನ್ನು ಒಂದು ಮನೆಯವರು ತಿಂದು ಮುಗಿಸಲಾರರು. ಹುಲ್ಲಿನ ಮೇಲೆ ಕೊಳೆತು ಕಣಜ ಮುತ್ತುವುದಕ್ಕಿಂತ ಯಾರಾದರೂ ಒಯ್ದರೆ ಸಾಕು ಎಂದು ಹೊರಗಿಡುತ್ತಾರೆ. ನೀನು ಒಯ್ದರೆ ಅವರಿಗೇ ಉಪಕಾರ.

ತಂದ ಮೇಲೆ ಒಂದನ್ನು ಕಚ್ಚಿ ನೋಡಿ, ಮುಖ ಕಿವಿಚಿಕೊಂಡು, ಇಡೀ ಚೀಲವನ್ನು ಕಸಕ್ಕೆ ಹಾಕಿಬಿಡಬೇಡ. ಅಂಗೈ ತುಂಬುವಷ್ಟು ದೊಡ್ಡದಾಗಿ, ಹಸಿರಾಗಿ, ಒಂದು ಮಗ್ಗುಲಿಗಷ್ಟೇ ಕೆಂಪು ಬಳಿದ ಹಾಗೆ, ಅಂಕುಡೊಂಕಾಗಿ ಇದ್ದರೆ ಅದು ಬಹುಮಟ್ಟಿಗೆ ಬ್ರಾಮ್ಲಿ. ಹಾಗೇ ತಿಂದರೆ ಹಲ್ಲು ಜುಮ್ಮೆನ್ನುತ್ತದೆ. ನಮ್ಮೂರಿನಲ್ಲಿ ಸೇಬು ಅಂದರೆ ಶಿಮ್ಲಾದ್ದು, ಕಾಶ್ಮೀರದ್ದು. ಕೆಂಪಗೆ, ಸಿಹಿಯಾಗಿ, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಕೊಳ್ಳುವಂಥದ್ದು. ಸೇಬನ್ನು ಬೇಯಿಸಿದ್ದನ್ನು ನಮ್ಮ ಮನೆಗಳಲ್ಲಿ ಯಾರು ಕಂಡಿದ್ದರು? ಇಲ್ಲಿ ಹಾಗಲ್ಲ. ತಿನ್ನುವ ಸೇಬು ಬೇರೆ, ಬೇಯಿಸುವ ಸೇಬು ಬೇರೆ. ಅಂಗಡಿಯಲ್ಲೂ ಬೇರೆ ಬೇರೆ ರಾಶಿ ಹಾಕಿರುತ್ತಾರೆ. ಬೇಯಿಸುವುದಕ್ಕೆ ಬ್ರಾಮ್ಲಿಯನ್ನು ಮೀರಿಸಿದ್ದಿಲ್ಲ ಅಂತ ಇಲ್ಲಿಯ ಅಜ್ಜಿಯರೆಲ್ಲ ಹೇಳುತ್ತಾರೆ, ನಾನೂ ಅವರ ಪಕ್ಷ.

ಆ ಹಣ್ಣು ಹುಟ್ಟಿದ್ದೂ ನಿಮ್ಮ ಕಡೆಯೇ. ನಾಟಿಂಗ್‌ಹ್ಯಾಮ್‌ನಿಂದ ಬಸ್ಸು ಹತ್ತಿದರೆ ಸೌತ್‌ವೆಲ್ ಎಂಬ ಸಣ್ಣ ಊರು ಸಿಗುತ್ತದೆ. 1809ರಲ್ಲಿ ಅಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಸೇಬಿನ ಬೀಜ ಊರಿದಳು. ಗಿಡ ಮರವಾಯಿತು, ಮನೆ ಕೈ ಬದಲಾಯಿತು. 1846ರಲ್ಲಿ ಆ ಮನೆಯನ್ನು ಮ್ಯಾಥ್ಯೂ ಬ್ರಾಮ್ಲಿ ಎಂಬ ಮಾಂಸದಂಗಡಿಯವನು ಕೊಂಡ. ಹತ್ತು ವರ್ಷದ ಮೇಲೆ ಹೆನ್ರಿ ಮೆರಿವೆದರ್ ಎಂಬ ನರ್ಸರಿಯ ಹುಡುಗ ಬಂದು, ಕಸಿ ಕಟ್ಟುವುದಕ್ಕೆ ಕಡ್ಡಿ ಕೊಡಿ ಎಂದು ಕೇಳಿದ. ಕೊಡುತ್ತೇನೆ, ಆದರೆ ಹಣ್ಣಿಗೆ ನನ್ನ ಹೆಸರಿಡಬೇಕು ಎಂದನಂತೆ ಮನೆಯ ಯಜಮಾನ. ಬೀಜ ನೆಟ್ಟವಳ ಹೆಸರು ಹಣ್ಣಿಗಿಲ್ಲ, ಮನೆ ಕೊಂಡವನ ಹೆಸರು ದೇಶದ ತುಂಬ. ಹೆಣ್ಣುಮಕ್ಕಳ ಕೆಲಸ ಎಲ್ಲ ದೇಶದಲ್ಲೂ ಹೀಗೇ ಅಂತ ನನಗೆ ಆಗಾಗ ಅನ್ನಿಸುವುದುಂಟು. ಇರಲಿ.

ನೀನು ಕೇಳಿದ್ದು ಕ್ರಂಬಲ್ ಮಾಡುವುದು ಹೇಗೆ ಅಂತ. ಕೆಳಗೆ ಹಣ್ಣು, ಮೇಲೆ ಬೆಣ್ಣೆ ಸಕ್ಕರೆ ಹಿಟ್ಟಿನ ಪುಡಿ, ಓವನ್‌ನಲ್ಲಿ ಬೇಯಿಸುವುದು, ಅಷ್ಟೇ ಕಣೇ. ಮೊಟ್ಟೆ ಬೇಡ, ಲಟ್ಟಿಸುವುದಿಲ್ಲ, ಉಬ್ಬಲಿಲ್ಲ ಅನ್ನುವ ಕಷ್ಟವಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದು ಮನೆಮನೆಗೂ ಹಬ್ಬಿತು ಎಂದು ಇಲ್ಲಿಯವರು ಹೇಳುತ್ತಾರೆ. 1940ರ ಜನವರಿಯಿಂದ ಬೆಣ್ಣೆ, ಸಕ್ಕರೆ ಎರಡೂ ರೇಷನ್ನಿಗೆ ಬಂದವು. ಹಣ್ಣಿನ ಪೈ ಮಾಡಬೇಕಾದರೆ ಕೆಳಗೂ ಮೇಲೂ ಹಿಟ್ಟಿನ ಹೊದಿಕೆ ಬೇಕು, ಅದಕ್ಕೆ ಜಿಡ್ಡು ಬೇಕು. ಹಿತ್ತಲ ಹಣ್ಣಿಗೆ ರೇಷನ್ ಇರಲಿಲ್ಲ. ಇದ್ದಷ್ಟು ಹಿಟ್ಟು, ಸಿಕ್ಕಿದಷ್ಟು ಮಾರ್ಗರೀನ್ ಉದುರಿಸಿಕೊಂಡು ಸಂಸಾರ ತೂಗಿಸಿದರು. ಇಲ್ಲದವರ ಮನೆಯ ತಿಂಡಿ ಇದು. ಇದರ ಮೇಲೆ ಪಿಸ್ತಾ, ಕೇಸರಿ, ಚೆರ್ರಿ ಅಂತ ಅಲಂಕಾರ ಮಾಡುವ ವಿಡಿಯೊಗಳನ್ನು ನೋಡಿ ಕೆಡಬೇಡ.

ಮೊದಲು ಹಣ್ಣಿನ ವಿಷಯ. ನಾಲ್ಕೈದು ಜನಕ್ಕೆ 900 ಗ್ರಾಂ ಬ್ರಾಮ್ಲಿ, ಅಂದರೆ ದೊಡ್ಡವಾದರೆ ಮೂರು ನಾಲ್ಕು ಹಣ್ಣು. ಸಿಪ್ಪೆ ತೆಗೆದು, ಬೀಜದ ಗೂಡು ಕೊರೆದು, ಹೆಬ್ಬೆರಳ ಗಾತ್ರದ ಹೋಳು ಮಾಡು. ಮರದಿಂದ ತಾನೇ ಬಿದ್ದ ಹಣ್ಣಾದರೆ ಕಂದಿದ ಜಾಗ, ಹುಳ ಕೊರೆದ ದಾರಿ ಕತ್ತರಿಸಿ ಬಿಸಾಡಿದರೆ ಉಳಿದದ್ದು ಚೆನ್ನಾಗಿಯೇ ಇರುತ್ತದೆ. ಹೋಳು ಗಾಳಿಗೆ ಕಂದು ಬಣ್ಣಕ್ಕೆ ತಿರುಗಿತು ಎಂದು ನೀರಿನಲ್ಲಿ ನೆನೆಸಿಡಬೇಡ. ಹೇಗಿದ್ದರೂ ಮೇಲೆ ಹಿಟ್ಟು ಮುಚ್ಚುತ್ತದೆ, ಯಾರಿಗೂ ಕಾಣುವುದಿಲ್ಲ. ನೀರು ಕುಡಿದ ಸೇಬು ಮಾತ್ರ ಪಾತ್ರೆಯಲ್ಲಿ ನೀರು ಬಿಟ್ಟು ತೊಂದರೆ ಕೊಡುತ್ತದೆ.

ಇನ್ನು ಸಕ್ಕರೆ. ನಾನು ನಿನಗೆ ಮುಖ್ಯವಾಗಿ ಹೇಳಬೇಕಾದ್ದು ಇದೇ. ಹಣ್ಣು ಹುಳಿ ಇದೆಯಲ್ಲ ಎಂದು ಕೈತುಂಬ ಸಕ್ಕರೆ ಸುರಿಯುವ ಅಭ್ಯಾಸ ನಮ್ಮವರಿಗೆ. ಸಿಹಿ ಅಂದ ಮೇಲೆ ಮೈಸೂರುಪಾಕಿನಷ್ಟು ಸಿಹಿ ಇರಲೇಬೇಕು ಅನ್ನುವ ಲೆಕ್ಕ. 900 ಗ್ರಾಂ ಹಣ್ಣಿಗೆ 80 ಗ್ರಾಂ ಸಕ್ಕರೆ ಸಾಕು. ಮೇಲಿನ ಪುಡಿಯಲ್ಲಿ ಬೇರೆ ಸಕ್ಕರೆ ಇದೆ, ಜೊತೆಗೆ ಹಾಕಿಕೊಳ್ಳುವ ಕಸ್ಟರ್ಡಿನಲ್ಲೂ ಇದೆ. ಮೇಲಿನ ಸಿಹಿ ಪುಡಿ, ಕೆಳಗಿನ ಹುಳಿ ತಿರುಳು ಒಟ್ಟಿಗೇ ಬಾಯಿಗೆ ಬಂದಾಗ ಎರಡೂ ಬೇರೆ ಬೇರೆಯಾಗಿ ಗೊತ್ತಾಗಬೇಕು. ಹುಳಿಯನ್ನು ಸಕ್ಕರೆಯಲ್ಲಿ ಮುಳುಗಿಸಿಬಿಟ್ಟರೆ ಕ್ರಂಬಲ್ ಅಲ್ಲ, ಬಿಸಿ ಜಾಮು. ಎರಡು ತುತ್ತಿಗೆ ಮುಖ ಕಟ್ಟುತ್ತದೆ. ಸೂಪರ್‌ಮಾರ್ಕೆಟ್ಟಿನ ಸಿಹಿ ಗಾಲಾ ಸೇಬಿನಲ್ಲಿ ಮಾಡಿದರೂ ಇದೇ ಗತಿ. ಬ್ರಾಮ್ಲಿಯಲ್ಲಿ ಮ್ಯಾಲಿಕ್ ಆಮ್ಲ ಹೆಚ್ಚು. ಬೆಂದಾಗಲೂ ಆ ಹುಳಿ ಉಳಿಯುತ್ತದೆ, ತಿರುಳು ಮಾತ್ರ ಕರಗಿ ನೊರೆಯಷ್ಟು ಮೆತ್ತಗಾಗುತ್ತದೆ.

ಅಷ್ಟು ಕರಗುವುದು ಬೇಡ, ಅಲ್ಲಲ್ಲಿ ಹೋಳು ಹಲ್ಲಿಗೆ ಸಿಗಬೇಕು ಅನ್ನಿಸಿದರೆ ಮೂರರಲ್ಲಿ ಒಂದು ಪಾಲು ಕಾಕ್ಸ್ ಸೇಬು ಬೆರೆಸು. ಅದು ಬೆಂದರೂ ಆಕಾರ ಬಿಡುವುದಿಲ್ಲ, ಪರಿಮಳವೂ ಹೆಚ್ಚು. ಪೇರ್ ಹಣ್ಣು ಬೆರೆಸುವುದಾದರೆ ಸ್ವಲ್ಪವೇ ಹಾಕು, ಬಹಳ ರಸ ಬಿಡುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಜೊತೆ ಬ್ಲ್ಯಾಕ್‌ಬೆರಿ. ಅದನ್ನೂ ದುಡ್ಡು ಕೊಟ್ಟು ಕೊಳ್ಳಬೇಡ. ಕಾಲುದಾರಿಯ ಪಕ್ಕದ ಮುಳ್ಳುಬೇಲಿಗಳಲ್ಲಿ ಆಗಸ್ಟಿನಿಂದಲೇ ಗೊಂಚಲು ಗೊಂಚಲಾಗಿ ಕಪ್ಪಾಗಿರುತ್ತವೆ. ಯಾರಾದರೂ ಬೈದರೆ ಎಂಬ ಭಯ ಬೇಡ. ತಾನಾಗಿ ಬೆಳೆದ ಕಾಡುಹಣ್ಣನ್ನು ಮಾರಾಟಕ್ಕಲ್ಲದೆ ಮನೆಗೆಂದು ಕಿತ್ತರೆ ಅದು ಕಳ್ಳತನವಲ್ಲ ಎಂದು ಇಲ್ಲಿಯ 1968ರ ಕಳ್ಳತನ ಕಾಯ್ದೆಯಲ್ಲೇ ಬರೆದಿದೆ. ಬೇರೆಯವರ ತೋಟದೊಳಗೆ ನುಗ್ಗಬಾರದು ಅಷ್ಟೆ. ಮೊಣಕಾಲಿಗಿಂತ ಕೆಳಗಿರುವುದನ್ನು ಕೀಳಬೇಡ, ಅದು ನಾಯಿಗಳ ಪಾಲು. ಸೆಪ್ಟೆಂಬರ್ 29 ದಾಟಿದ ಮೇಲೆ ಬ್ಲ್ಯಾಕ್‌ಬೆರಿ ಮುಟ್ಟಬಾರದು ಎಂಬ ಹಳೆಯ ನಂಬಿಕೆಯೂ ಇದೆ. ಸ್ವರ್ಗದಿಂದ ಉರುಳಿದ ಸೈತಾನ ಆ ದಿನ ಈ ಮುಳ್ಳಿನ ಮೇಲೆ ಬಿದ್ದನಂತೆ, ಆ ಸಿಟ್ಟಿಗೆ ವರ್ಷವರ್ಷವೂ ಬಂದು ಹಣ್ಣಿನ ಮೇಲೆ ಉಗಿದು ಹೋಗುತ್ತಾನಂತೆ. ಸೈತಾನನ ಮಾತು ಬಿಡು, ಅಕ್ಟೋಬರಿನ ಮಂಜು ಮಳೆಗೆ ಹಣ್ಣು ನೀರಾಗಿ ಬೂಷ್ಟು ಹಿಡಿಯುವುದಂತೂ ನಿಜ. ಸೇಬಿಗೆ ಒಂದು ಹಿಡಿ ಸಾಕು, ಇಡೀ ಪಾತ್ರೆಗೆ ನೇರಳೆ ಬಣ್ಣ ಬರುತ್ತದೆ.

ಮೇಲಿನ ಪುಡಿಗೆ 150 ಗ್ರಾಂ ಮೈದಾ, 50 ಗ್ರಾಂ ಓಟ್ಸ್, 110 ಗ್ರಾಂ ಬೆಣ್ಣೆ, 80 ಗ್ರಾಂ ಡೆಮೆರಾರಾ ಸಕ್ಕರೆ, ಒಂದು ಚಿಟಿಕೆ ಉಪ್ಪು. ಉಪ್ಪು ಮರೆಯಬೇಡ. ಬೆಣ್ಣೆ ಆಗತಾನೆ ಫ್ರಿಜ್‌ನಿಂದ ತೆಗೆದದ್ದಾಗಿರಲಿ. ಚಿಕ್ಕ ಚಿಕ್ಕ ತುಂಡು ಮಾಡಿ, ಮೈದಾಕ್ಕೆ ಹಾಕಿ, ಬೆರಳ ತುದಿಯಿಂದಷ್ಟೇ ಉಜ್ಜು. ಅಂಗೈ ತಾಗಿಸಿದರೆ ಕೈಯ ಬಿಸಿಗೆ ಬೆಣ್ಣೆ ಕರಗುತ್ತದೆ. ನಿಪ್ಪಟ್ಟಿನ ಹಿಟ್ಟಿಗೆ ಕಾದ ಎಣ್ಣೆ ಹಾಕಿ ಉಜ್ಜಿದ ಮೇಲೆ ಮುಷ್ಟಿಯಲ್ಲಿ ಹಿಡಿದು ನೋಡುತ್ತೀವಲ್ಲ, ಅದೇ ಹದ: ಹಿಡಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿದರೆ ಉದುರಬೇಕು. ಪೂರ್ತಿ ನುಣ್ಣಗೆ ಮಾಡಬೇಡ, ಅಲ್ಲಲ್ಲಿ ಕಡಲೆಕಾಳಿನಷ್ಟು ಗಂಟು ಉಳಿಯಲಿ. ಬೆಂದ ಮೇಲೆ ಗರಿಗರಿಯಾಗುವುದು ಅವೇ. ಓಟ್ಸ್, ಸಕ್ಕರೆ ಕೊನೆಯಲ್ಲಿ ಬೆರೆಸಿದರೆ ಸಾಕು.

ತುಪ್ಪ ಹಾಕಬಹುದೇ ಎಂದು ನೀನು ಕೇಳಿಯೇ ಕೇಳುತ್ತೀಯ. ಹಾಕಬಹುದು, ಆದರೆ ಅಷ್ಟೇ ತೂಕ ಹಾಕಬೇಡ. ಬೆಣ್ಣೆಯಲ್ಲಿ ಸುಮಾರು ಶೇ 16ರಷ್ಟು ನೀರಿರುತ್ತದೆ. ಆ ನೀರು ಹಿಟ್ಟನ್ನು ಅಲ್ಲಲ್ಲಿ ಅಂಟಿಸಿ ಗಂಟು ಕಟ್ಟುತ್ತದೆ. ತುಪ್ಪದಲ್ಲಿ ಬರೀ ಜಿಡ್ಡು. ಕರಗಿದ ತುಪ್ಪ ಸುರಿದರೆ ಪುಡಿ ಮರಳಿನ ಹಾಗಾಗಿ, ಬಾಯಲ್ಲಿ ಹಿಟ್ಟುಹಿಟ್ಟು ಅನ್ನಿಸುತ್ತದೆ. 85 ಗ್ರಾಂ ತುಪ್ಪವನ್ನು ಫ್ರಿಜ್‌ನಲ್ಲಿಟ್ಟು ಗಟ್ಟಿ ಮಾಡಿಕೊಂಡು, ಉಜ್ಜಿದ ಮೇಲೆ ಒಂದು ಚಮಚ ತಣ್ಣೀರು ಚಿಮುಕಿಸು. ಪರವಾಗಿಲ್ಲ ಅನ್ನುವಂತಿರುತ್ತದೆ. ನನ್ನನ್ನು ಕೇಳಿದರೆ ಬೆಣ್ಣೆಯೇ ವಾಸಿ. ಬೆಲ್ಲ ಬೇಡವೇ ಬೇಡ. ಪಸೆ ಬಿಟ್ಟು ಪುಡಿಯನ್ನೆಲ್ಲ ಮೆತ್ತಗೆ ಮಾಡುತ್ತದೆ.

ಮಸಾಲೆಯಲ್ಲೂ ಕೈ ಹಿಡಿತದಲ್ಲಿರಲಿ. ಸಿಹಿ ಅಂದರೆ ಏಲಕ್ಕಿ ಅನ್ನುವ ನಮ್ಮ ಕೈಗೆ ಸುಮ್ಮನಿರಲು ಬರುವುದಿಲ್ಲ. ಏಲಕ್ಕಿ ಬಿದ್ದರೆ ಸೇಬಿನ ವಾಸನೆಯೇ ಅಡಗಿಹೋಗುತ್ತದೆ. ಅರ್ಧ ಚಮಚ ಚಕ್ಕೆ ಪುಡಿ ಹಾಕು, ಇಲ್ಲವೇ ಎರಡು ಲವಂಗ. ಎರಡನ್ನೂ ಹಾಕಬೇಡ.

ಹಣ್ಣನ್ನು ಸಕ್ಕರೆಯೊಡನೆ ಕಲಸಿ ಗಾಜಿನ ಅಥವಾ ಪಿಂಗಾಣಿ ಪಾತ್ರೆಗೆ ಹಾಕಿ, ಮೇಲೆ ಪುಡಿಯನ್ನು ಕೈಯಿಂದ ಉದುರಿಸು. ಉದುರಿಸು ಅಂದೆ, ಒತ್ತು ಅನ್ನಲಿಲ್ಲ. ಸಮ ಮಾಡುತ್ತೇನೆ ಅಂತ ಸೌಟಿನಿಂದ ತಟ್ಟಿದರೆ ಕೆಳಗಿನ ಹಬೆ ಮೇಲೆ ಬರಲು ದಾರಿಯಿಲ್ಲದೆ ಪುಡಿಯ ಅಡಿಭಾಗ ಹಸಿ ಹಿಟ್ಟಾಗಿ ಉಳಿಯುತ್ತದೆ. ಫ್ಯಾನ್ ಓವನ್ ಆದರೆ 180 ಡಿಗ್ರಿ, ಅಲ್ಲದಿದ್ದರೆ 200. ಮೊದಲೇ ಕಾಯಿಸಿಟ್ಟುಕೋ. 35ರಿಂದ 40 ನಿಮಿಷಕ್ಕೆ ಮೇಲೆ ಹೊಂಬಣ್ಣ ಬಂದು, ಪಾತ್ರೆಯ ಅಂಚಿನಲ್ಲಿ ರಸ ಕುದಿದು ಗುಳುಗುಳು ಅನ್ನುತ್ತಿದ್ದರೆ ಆಯಿತು. ಬಣ್ಣ ಬಂದರೂ ರಸ ಕುದಿಯದಿದ್ದರೆ ಹಣ್ಣು ಬೆಂದಿಲ್ಲ, ಮೇಲೆ ಫಾಯಿಲ್ ಮುಚ್ಚಿ ಇನ್ನಷ್ಟು ಹೊತ್ತು ಬಿಡು. ತೆಗೆದ ಕೂಡಲೇ ಚಮಚ ಹಾಕಬೇಡ. ಕಾಲು ಗಂಟೆ ಬಿಟ್ಟರೆ ರಸ ಗಟ್ಟಿಯಾಗುತ್ತದೆ, ನಾಲಗೆಯೂ ಸುಡುವುದಿಲ್ಲ. ಒಂದು ಓವನ್ ಕಾಯಿಸಿದ ಕರೆಂಟಿಗೆ ಕೆಳಗಿನ ತಟ್ಟೆಯಲ್ಲಿ ನಾಲ್ಕು ಆಲೂಗಡ್ಡೆಯನ್ನೂ ಇಟ್ಟುಬಿಡು. ಕ್ರಂಬಲ್ ತೆಗೆದ ಮೇಲೂ ಅವು ಒಳಗೇ ಇದ್ದು ಬೇಯಲಿ, ರಾತ್ರಿಯ ಊಟದ ಅರ್ಧ ಕೆಲಸ ಮುಗಿಯುತ್ತದೆ.

ಜೊತೆಗೆ ಕಸ್ಟರ್ಡ್ ಇಲ್ಲದಿದ್ದರೆ ಇಲ್ಲಿಯವರಿಗೆ ಸಮಾಧಾನವಿಲ್ಲ. ಅದು ನಿನಗೆ ಹೊಸದಲ್ಲ, ಊರಿನಲ್ಲಿ ಬಾಳೆಹಣ್ಣು ದ್ರಾಕ್ಷಿ ಹಾಕಿ ಫ್ರಿಜ್‌ನಲ್ಲಿಟ್ಟು ತಿಂದವಳೇ ನೀನು. ಅದರಲ್ಲಿ ಮೊಟ್ಟೆ ಇರಬಹುದೆಂದು ಅನುಮಾನಿಸುವ ನಿನ್ನ ಅತ್ತೆಯವರಿಗೆ ಈ ಕಥೆ ಹೇಳು: ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ಅಂಗಡಿಯವನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ. ಅವಳಿಗೆಂದೇ 1837ರಲ್ಲಿ ಕಾರ್ನ್‌ಫ್ಲೋರಿನಿಂದ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಕಂಡುಹಿಡಿದ. ನಮ್ಮಂಥವರ ಅಡುಗೆಮನೆಗೆ ಕಸ್ಟರ್ಡ್ ಬಂದದ್ದು ಆ ಗಂಡಸಿನ ಪುಣ್ಯದಿಂದ. ಊರಿನ ಹಾಗೆ ತಣ್ಣಗೆ ಮಾಡಬೇಡ, ಒಲೆಯಿಂದ ಇಳಿಸಿದ ಬಿಸಿಯಲ್ಲೇ, ಸುರಿಯುವಷ್ಟು ತೆಳ್ಳಗಿರಲಿ.

ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದಲೇ ಐದು ಹೊಡೆಯುವುದರೊಳಗೆ ಸೂರ್ಯ ಮುಳುಗಿರುತ್ತಾನೆ. ಮೊದಲ ವರ್ಷ ಅದನ್ನು ಕಂಡಾಗ ಎಂಥವರಿಗೂ ಎದೆ ಕುಸಿಯುತ್ತದೆ, ಅದರಲ್ಲೂ ದಸರಾ ದೀಪಾವಳಿಯ ಆಸುಪಾಸಿನಲ್ಲಿ. ಆ ವಾರ ಊರಿಗೆ ಫೋನು ಮಾಡಿ ಅಳುತ್ತಾ ಕೂರುವ ಬದಲು ನಾಲ್ಕು ಗಂಟೆಗೇ ಓವನ್ ಹಚ್ಚು, ಪಕ್ಕದ ಮನೆಯವರನ್ನು ಕರೆ. ಇಲ್ಲಿಯವರು ಊಟಕ್ಕೆ ಕರೆದರೆ ಸಂಕೋಚಪಡುತ್ತಾರೆ, ಕ್ರಂಬಲ್ ಇದೆ ಎಂದರೆ ಬರುತ್ತಾರೆ. ಬಂದವರು ತಮ್ಮ ಅಮ್ಮ ಹೇಗೆ ಮಾಡುತ್ತಿದ್ದಳು ಎಂದು ಹೇಳಿ ನಿನ್ನದನ್ನು ತಿದ್ದುವುದಂತೂ ಖಂಡಿತ. ಸುಮ್ಮನೆ ಕೇಳಿಕೋ, ಎರಡು ಒಳ್ಳೆಯ ವಿಷಯ ಅದರಲ್ಲೂ ಸಿಗುತ್ತದೆ.

ಮಿಕ್ಕ ಬ್ರಾಮ್ಲಿಯಲ್ಲಿ ಪೆಟ್ಟಾಗದವನ್ನು ಆರಿಸಿ, ಒಂದೊಂದನ್ನೂ ನ್ಯೂಸ್‌ಪೇಪರಿನಲ್ಲಿ ಸುತ್ತಿ, ತಂಪು ಜಾಗದಲ್ಲಿ ಒಂದಕ್ಕೊಂದು ತಾಗದ ಹಾಗೆ ಇಡು. ಕ್ರಿಸ್‌ಮಸ್ ದಾಟಿದರೂ ಕೆಡುವುದಿಲ್ಲ. ವಾರಕ್ಕೊಮ್ಮೆ ನೋಡಿ ಕೊಳೆತದ್ದನ್ನು ತೆಗೆ. ಮೇಲಿನ ಪುಡಿಯನ್ನು ಒಟ್ಟಿಗೇ ಹೆಚ್ಚು ಮಾಡಿ ಫ್ರೀಜರಿನಲ್ಲಿಟ್ಟರೆ ಕೆಲಸದಿಂದ ದಣಿದು ಬಂದ ದಿನ ನೇರವಾಗಿ ಹಣ್ಣಿನ ಮೇಲೆ ಉದುರಿಸಬಹುದು.

ಮಾಡಿದ್ದರಲ್ಲಿ ಉಳಿದರೆ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬೇಡ, ಗರಿಗರಿಯೆಲ್ಲ ಹೋಗುತ್ತದೆ. ಓವನ್‌ನಲ್ಲೇ ಕಾಲು ಗಂಟೆ ಇಡು. ಇಲ್ಲದಿದ್ದರೆ ಬೆಳಿಗ್ಗೆ ತಣ್ಣಗಿರುವುದನ್ನೇ ಗಟ್ಟಿ ಮೊಸರಿನ ಜೊತೆ ತಿನ್ನು. ಬಿಸಿಯದಕ್ಕಿಂತ ಅದೇ ರುಚಿ ಅಂತ ಕೆಲವರು ವಾದಿಸುತ್ತಾರೆ, ನಾನೂ ಒಬ್ಬಳು. ಮನೆಯಲ್ಲಿ ಮೊದಲು ಎದ್ದವರಿಗಷ್ಟೇ ಅದು ಸಿಗುವುದು, ಹಾಗಾಗಿ ನಿನ್ನ ಗಂಡನಿಗೆ ಈ ವಿಷಯ ಹೇಳಬೇಡ.