ಅಜ್ಜನ ಕವಳ ಮತ್ತು ಮೆದುಳಿನ ಒಂದು ಜೀನು

ಭಟ್ಕಳದಿಂದ ಕುಮಟೆಯವರೆಗಿನ ನಮ್ಮ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ನೀರು-ಬೆಲ್ಲ, ಆಮೇಲೆ ಕವಳದ ಹರಿವಾಣ. ಹೊನ್ನಾವರ ತಾಲೂಕಿನಲ್ಲಿ, ಶರಾವತಿಯ ದಡದ ಮೇಲೆ ನಮ್ಮದೊಂದು ಸಣ್ಣ ಅಡಿಕೆ ತೋಟವಿದೆ. ಅದರ ಚಾಲಿ ಅಡಿಕೆ ಕುಮಟೆಯ ಪೇಟೆಗೆ ಹೋಗಿ ನನ್ನ ಕಾಲೇಜಿನ ಫೀಸಾಗಿ ಮರಳುತ್ತದೆ. “ಕವಳ ಹಾಕ್ದೇ ತಲೆ ಓಡ್ತಿಲ್ಲೆ ತಮಾ” ಎಂಬುದು ಅಜ್ಜನ ನಿತ್ಯದ ಮಾತು. ಇದು ಬರಿಯ ಚಟದ ಮಾತೋ, ಸತ್ಯಾಂಶವೂ ಉಂಟೋ ಎಂದು ತಿಳಿಯಹೊರಟಾಗ ನನಗೆ ದೊರೆತುದೇ ಈ ಲೇಖನದ ವಿಷಯ.

ನರಕೋಶಗಳು ರಾಸಾಯನಿಕಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಅಂಥವುಗಳಲ್ಲೊಂದು ಅಸಿಟೈಲ್‌ಕೋಲಿನ್. ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳಲ್ಲಿ ಎಂ-1 ಎಂಬುದು ಒಂದು. ಇದನ್ನು ಕಟ್ಟುವ ಸೂತ್ರವಿರುವುದು ನಮ್ಮ 11ನೆಯ ವರ್ಣತಂತುವಿನಲ್ಲಿರುವ ಸಿಎಚ್‌ಆರ್‌ಎಂ-1 ಎಂಬ ಜೀನಿನಲ್ಲಿ. 1986ರಲ್ಲಿ ಜಪಾನಿನ ಶೋಸಾಕು ನೂಮಾ ಅವರ ತಂಡವು ಹಂದಿಯ ಮೆದುಳಿನಿಂದ ಈ ಸೂತ್ರವನ್ನು ಮೊದಲು ಓದಿತು. 460 ಅಮೈನೋ ಆಮ್ಲಗಳ ಈ ಸರವು, ಬುಟ್ಟಿ ಹೆಣೆಯುವ ಬೆತ್ತದಂತೆ, ಕೋಶದ ಪೊರೆಯನ್ನು ಏಳು ಸಲ ಹಾದು ನಿಂತಿದೆ. ಹೊರಗಿನಿಂದ ಅಸಿಟೈಲ್‌ಕೋಲಿನ್ ಬಂದು ಕುಳಿತೊಡನೆ ಗ್ರಾಹಕದ ಆಕಾರ ತುಸು ಬದಲಾಗುತ್ತದೆ. ಒಳಗಿರುವ ಜಿ-ಪ್ರೋಟೀನು ಎಚ್ಚರಗೊಂಡು ಒಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಕೋಶದಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಬಿಡುಗಡೆಯಾಗಿ ನರಕೋಶವು ಉದ್ರೇಕಗೊಳ್ಳುತ್ತದೆ. ಎಂ-1 ಹೇರಳವಾಗಿರುವುದು ಮೆದುಳಿನ ಹೊರಪದರದಲ್ಲಿ ಹಾಗೂ ನೆನಪಿಗೆ ನೆಲೆಯಾದ ಹಿಪೊಕ್ಯಾಂಪಸ್ಸಿನಲ್ಲಿ.

ಅಡಿಕೆಯಲ್ಲಿರುವ ಅರೆಕೋಲಿನ್ ಇದೇ ಗ್ರಾಹಕದಲ್ಲಿ ಕುಳಿತು ಅದನ್ನು ಎಚ್ಚರಿಸಬಲ್ಲದು. ಅಜ್ಜನ ಮಾತಿನಲ್ಲಿ ಹುರುಳಿತ್ತು! ಆದರೆ ಅರೆಕೋಲಿನ್ ಅಲ್ಲಿಗೇ ನಿಲ್ಲದು. ಎಂ-2ರಿಂದ ಎಂ-5ರವರೆಗಿನ ಒಡಹುಟ್ಟಿದ ಗ್ರಾಹಕಗಳನ್ನೂ ತಟ್ಟುತ್ತದೆ. ಜೊಲ್ಲು, ಬೆವರು ಬರುವುದು ಅದರಿಂದ. ವಿಜ್ಞಾನಿಗಳು ಅರೆಕೋಲಿನ್ನಿನ ರಚನೆಯನ್ನು ತಿದ್ದಿ, ಎಂ-1 ಮತ್ತು ಎಂ-4ಗಳನ್ನೇ ಹೆಚ್ಚಾಗಿ ತಟ್ಟುವ ಜಾನೊಮೆಲಿನ್ ಎಂಬ ಮದ್ದನ್ನು ಮಾಡಿದರು. ದೇಹದ ಉಳಿದೆಡೆ ಅದರ ಉಪದ್ರವವನ್ನು ತಡೆಯಲು, ಮೆದುಳನ್ನು ಅಷ್ಟಾಗಿ ಹೊಗದ ಟ್ರೋಸ್ಪಿಯಂ ಎಂಬುದನ್ನು ಜೊತೆಗೂಡಿಸಿದರು. ಈ ಜೋಡಿಮದ್ದನ್ನು ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ಕೊಡಲು ಅಮೆರಿಕವು 2024ರಲ್ಲಿ ಒಪ್ಪಿಗೆಯಿತ್ತಿತು.

ಹಾಗಾದರೆ ಕವಳವೂ ಮದ್ದಾಯಿತೆ? ಖಂಡಿತ ಇಲ್ಲ. ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರ ತನ್ನ ಗ್ರಂಥದಲ್ಲಿ ಸಾರಿದೆ. ಬಾಯಿಯ ಒಳಚರ್ಮ ಬಿಗಿದುಕೊಳ್ಳುವ ರೋಗಕ್ಕೂ ಅಡಿಕೆಯೇ ಮುಖ್ಯ ಕಾರಣ. ಅಜ್ಜನ ಬಾಯಿ ಈಗ ಎರಡು ಬೆರಳಿನಷ್ಟೇ ತೆರೆಯುತ್ತದೆ; ಮಾವಿನ ಮಿಡಿ ಉಪ್ಪಿನಕಾಯಿ ತಗಲಿದರೂ ಉರಿ.

ಈ ಬರಹವನ್ನು ಅವರಿಗೆ ಓದಿ ಹೇಳಿದೆ. ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಹರಿವಾಣವನ್ನು ದೂರ ಸರಿಸಲಿಲ್ಲ. ಆದರೆ ನನ್ನ ಕಡೆಗೆ ಚಾಚಲೂ ಇಲ್ಲ.