ದಾರಕ್ಕೆ ಕಟ್ಟಿದ ಕಲ್ಲು ತಾಳ ಕಲಿಸೀತೇ?

ಕೋಲಾಟದ ಅಭ್ಯಾಸ ಮಾಡುವಾಗ ನಿಮಗೆ ಹೀಗಾಗಿದೆಯೇ? ಹಾಡು ನಿಧಾನವಾಗಿಯೇ ಶುರುವಾಗುತ್ತದೆ. ಚೆನ್ನಾಗಿ ಗೊತ್ತಿರುವ ಸಾಲು ಬಂದೊಡನೆ ಎಲ್ಲರಿಗೂ ಹುರುಪು, ವೇಗ ಏರುತ್ತದೆ. ಸುತ್ತು ತಿರುಗುವ ಕಷ್ಟದ ಹೆಜ್ಜೆ ಬಂದಾಗ ಕೆಲವರು ತಡವರಿಸುತ್ತಾರೆ. ಆಗ ಒಬ್ಬರ ಕೋಲು ಗಾಳಿಗೆ, ಇನ್ನೊಬ್ಬರ ಕೋಲು ಪಕ್ಕದವರ ಬೆರಳಿಗೆ! "ನೀನು ಓಡಿದೆ", "ಇಲ್ಲ, ನೀನೇ ತಡ ಮಾಡಿದೆ" ಎಂದು ಜಗಳ. ತೀರ್ಮಾನ ಹೇಳುವವರು ಯಾರು? ಯಾರ ಪರವನ್ನೂ ವಹಿಸದ ಒಬ್ಬ ಪಂಚ ಬೇಕು. ಆ ಪಂಚನನ್ನು ನಾವೇ ತಯಾರಿಸೋಣ.

ಬೇಕಾಗುವ ಸಾಮಗ್ರಿಗಳು: ಒಂದೂವರೆ ಮೀಟರ್ ಗಟ್ಟಿ ದಾರ, ನಿಂಬೆಹಣ್ಣಿನ ಗಾತ್ರದ ಒಂದು ಕಲ್ಲು, ಅಳತೆಪಟ್ಟಿ, ಸೆಕೆಂಡ್ ಮುಳ್ಳಿರುವ ಗಡಿಯಾರ.

ಮಾಡುವ ವಿಧಾನ: ಕಲ್ಲನ್ನು ದಾರಕ್ಕೆ ಕಟ್ಟಿ ಕಿಟಕಿಯ ಸರಳಿಗೋ ಮೊಳೆಗೋ ತೂಗುಹಾಕಿ. ಮೊಳೆಯಿಂದ ಕಲ್ಲಿನ ನಡುಭಾಗದವರೆಗೆ 100 ಸೆಂ.ಮೀ. ಇರಲಿ. ಕಲ್ಲನ್ನು ಒಂದು ಗೇಣಿಗಿಂತ ಕಡಿಮೆ ದೂರ ಪಕ್ಕಕ್ಕೆ ಎಳೆದು, ತಳ್ಳದೆ ಸುಮ್ಮನೆ ಬಿಡಿ. ಇದೇ ಲೋಲಕ. ಕಲ್ಲು ನಡುವಿನ ಜಾಗವನ್ನು ದಾಟಿದಾಗಲೆಲ್ಲ ಒಂದು ಪೆಟ್ಟು ಎಂದು ಎಣಿಸಿ. ಒಂದು ನಿಮಿಷಕ್ಕೆ ಸುಮಾರು 60 ಪೆಟ್ಟು ಸಿಗುತ್ತದೆ. (ಪಾಠದಲ್ಲಿ ಹೋಗಿ ಬರುವುದನ್ನು ಸೇರಿಸಿ ಒಂದು ಆಂದೋಲನ ಎನ್ನುತ್ತೇವೆ. ತಾಳಕ್ಕೆ ಅದರಲ್ಲಿ ಎರಡು ಪೆಟ್ಟು.)

ಸ್ವಲ್ಪ ಹೊತ್ತಿಗೆ ತೂಗಾಟ ಚಿಕ್ಕದಾಗುತ್ತದೆ. ಆದರೆ ಪೆಟ್ಟಿನ ವೇಗ ಬದಲಾಯಿತೇ? ಎಣಿಸಿ ನೋಡಿ, ಇಲ್ಲ! ಇಟಲಿಯ ಗೆಲಿಲಿಯೊ ಗಮನಿಸಿದ್ದು ಇದನ್ನೇ. 1602ರ ಒಂದು ಪತ್ರದಲ್ಲಿ ಅವನು ಲೋಲಕದ ಈ ಗುಣದ ಬಗ್ಗೆ ಬರೆದಿದ್ದಾನೆ. ತೂಗಾಟ ತೀರಾ ದೊಡ್ಡದಾದರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಕಲ್ಲಿನ ತೂಕ ಹೆಚ್ಚು ಕಡಿಮೆಯಾದರೂ ಪೆಟ್ಟು ಬದಲಾಗದು. ಬದಲಾಗುವುದು ದಾರದ ಉದ್ದದಿಂದ.

ಈಗ ಒಂದು ಪ್ರಶ್ನೆ. ಪೆಟ್ಟು ಎರಡರಷ್ಟು, ಅಂದರೆ 120 ಬೇಕಾದರೆ ದಾರ ಎಷ್ಟಿರಬೇಕು? ಬಹಳ ಮಂದಿ 50 ಸೆಂ.ಮೀ. ಎನ್ನುತ್ತಾರೆ. ಮಾಡಿ ನೋಡಿದರೆ ಸಿಗುವುದು ಸುಮಾರು 85. ದಾರವನ್ನು ಕಾಲು ಭಾಗಕ್ಕೆ, ಅಂದರೆ 25 ಸೆಂ.ಮೀ.ಗೆ ಇಳಿಸಿದಾಗಲೇ 120 ಬರುತ್ತದೆ. 56 ಸೆಂ.ಮೀ.ಗೆ 80, 36 ಸೆಂ.ಮೀ.ಗೆ 100. ಈ ಅಂಕಿಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ, ಬೇಕಾಗುತ್ತದೆ.

ಸಂಗೀತಗಾರರು ಇದೇ ಕೆಲಸಕ್ಕೆ ಬಳಸುವ ಉಪಕರಣ ಮೆಟ್ರೋನೋಮ್. ನಿಮಿಷಕ್ಕೆ 40 ಪೆಟ್ಟಿನ ನಿಧಾನ ತಾಳ ಬೇಕೆಂದರೆ ನಮ್ಮ ದಾರ ಸುಮಾರು ಎರಡೂಕಾಲು ಮೀಟರ್ ಆಗಬೇಕು. ತರಗತಿಯ ಬಾಗಿಲಿಗಿಂತಲೂ ಉದ್ದ! ಅದನ್ನು ಮೇಜಿನ ಮೇಲೆ ಇಡುವುದು ಹೇಗೆ? 1814ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಂಕೆಲ್ ಎಂಬ ಕುಶಲಕರ್ಮಿ ದಾರಿ ಹುಡುಕಿದ. ಕಡ್ಡಿಯ ಕೆಳಗಡೆ ಒಂದು ಭಾರ, ಮೇಲ್ಗಡೆ ಇನ್ನೊಂದು ಚಿಕ್ಕ ಭಾರ, ನಡುವೆ ಕೀಲು. ಕೆಳಗಿನ ಭಾರ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಲು ಎಳೆಯುತ್ತದೆ, ಮೇಲಿನದು ಇನ್ನಷ್ಟು ವಾಲಿಸಲು ನೋಡುತ್ತದೆ. ಈ ಜಗ್ಗಾಟದಿಂದ ಗಿಡ್ಡ ಕಡ್ಡಿಯೂ ನಿಧಾನವಾಗಿ ತೂಗುತ್ತದೆ. ಮೇಲಿನ ಭಾರವನ್ನು ಏರಿಸಿದಷ್ಟೂ ನಿಧಾನ, ಇಳಿಸಿದಷ್ಟೂ ವೇಗ. ಆದರೆ ಮರುವರ್ಷ ಮೆಲ್ಸೆಲ್ ಎಂಬಾತ ಅದಕ್ಕೆ ಅಂಕಿಗಳ ಪಟ್ಟಿ ಸೇರಿಸಿ ತನ್ನ ಹೆಸರಿನಲ್ಲೇ ಹಕ್ಕುಪತ್ರ ಪಡೆದುಬಿಟ್ಟ. ವಿಂಕೆಲ್‌ಗೆ ಅನ್ಯಾಯವಾಯಿತೆಂದೇ ನನಗನಿಸುತ್ತದೆ. ಕೀಲಿ ಕೊಟ್ಟ ಸುರುಳಿ ಕಡ್ಡಿಯನ್ನು ನಿಲ್ಲದಂತೆ ತಳ್ಳುತ್ತದೆ, "ಟಕ್ ಟಕ್" ಸದ್ದನ್ನೂ ಹೊರಡಿಸುತ್ತದೆ. ಈಗ ಮೊಬೈಲಿನಲ್ಲೂ ಈ ಟಕ್ ಟಕ್ ಸಿಗುತ್ತದೆ.

ಸದ್ದು ಏಕೆ ಮುಖ್ಯ? ತಾಳದ ವಿಷಯದಲ್ಲಿ ಕಣ್ಣಿಗಿಂತ ಕಿವಿ ಚುರುಕು. ಆದ್ದರಿಂದ ನಿಮ್ಮ ಗುಂಪಿನಲ್ಲಿ ಒಬ್ಬರು ಲೋಲಕವನ್ನೇ ನೋಡುತ್ತಾ ಬೆಂಚು ತಟ್ಟಲಿ, ಉಳಿದವರು ಅದನ್ನು ಕೇಳಿ ಆಡಲಿ. ಇಲ್ಲೊಂದು ಸೋಜಿಗವಿದೆ. ಸದ್ದು ಕೇಳಿದ ಮೇಲೆ ಕೈ ಅಲ್ಲಾಡಿಸಲು ನಮಗೆ ಸೆಕೆಂಡಿನ ಆರನೇ ಒಂದು ಭಾಗದಷ್ಟಾದರೂ ಹೊತ್ತು ಬೇಕು. ಹಾಗಿದ್ದರೆ ನಮ್ಮ ಚಪ್ಪಾಳೆ ಯಾವಾಗಲೂ ತಡವಾಗಬೇಕಲ್ಲ? ಆಗುವುದಿಲ್ಲ. ಮುಂದಿನ ಪೆಟ್ಟು ಯಾವಾಗ ಬರುತ್ತದೆಂದು ಮೆದುಳು ಮೊದಲೇ ಲೆಕ್ಕ ಹಾಕಿ ಕೈಗೆ ಅಪ್ಪಣೆ ಕೊಟ್ಟಿರುತ್ತದೆ. ಅನೇಕರ ಚಪ್ಪಾಳೆ ಪೆಟ್ಟಿಗಿಂತ ಕೂದಲೆಳೆಯಷ್ಟು ಮೊದಲೇ ಬೀಳುತ್ತದೆ! ಅಭ್ಯಾಸದಿಂದ ಚುರುಕಾಗುವುದು ಈ ಲೆಕ್ಕವೇ.

ಅಭ್ಯಾಸವನ್ನು 100 ಸೆಂ.ಮೀ. ದಾರದಿಂದ, ನಿಧಾನವಾಗಿ ಆರಂಭಿಸಿ. ಇಡೀ ಹಾಡು ಬೇಡ, ಎಡವುವ ಹೆಜ್ಜೆಯನ್ನಷ್ಟೇ ತೆಗೆದುಕೊಳ್ಳಿ. ಮೂರು ಸಲ ತಪ್ಪಿಲ್ಲದೆ ಬಂದರೆ ದಾರವನ್ನು ನಾಲ್ಕು ಬೆರಳಿನಷ್ಟು ಗಿಡ್ಡ ಮಾಡಿ. ತಪ್ಪಿದರೆ ಮತ್ತೆ ಉದ್ದ ಮಾಡಿ. ಅದರಲ್ಲಿ ನಾಚಿಕೆಯೇನಿಲ್ಲ. ಕರ್ನಾಟಕ ಸಂಗೀತ ಕಲಿಯುವವರು ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡುವುದನ್ನು ಕೇಳಿದ್ದೀರಾ? ಅಲ್ಲಿ ಕೈಯ ತಾಳ ಬದಲಾಗುವುದಿಲ್ಲ. ಒಂದು ಪೆಟ್ಟಿಗೆ ಮೊದಲು ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಲೋಲಕದ ಮುಂದೆ ನೀವೂ "ಸ ರಿ ಗ ಮ" ಹೀಗೆ ಹಾಡಿ ನೋಡಿ. ಎರಡನೇ ಕಾಲಕ್ಕೆ ಹೋಗುವಾಗ ಕೈಯೂ ಓಡತೊಡಗುತ್ತದೆ, ಅಲ್ಲಿ ಎಚ್ಚರ!

ಸದಾ ಲೋಲಕ ನೋಡಿಕೊಂಡೇ ಆಡಿದರೆ ಅದಿಲ್ಲದಾಗ ತಾಳ ಕೈಕೊಡಬಹುದು. ಅದಕ್ಕೊಂದು ಪರೀಕ್ಷೆ. 100 ಸೆಂ.ಮೀ. ಲೋಲಕದ ಜೊತೆ ಎಂಟು ಚಪ್ಪಾಳೆ ತಟ್ಟಿ, ನಂತರ ಕಣ್ಣು ಮುಚ್ಚಿ ಇನ್ನೂ 60 ತಟ್ಟಿ. ಆಗ ಬೆಂಚು ತಟ್ಟುವಂತಿಲ್ಲ. ಗೆಳತಿ ಮನಸ್ಸಿನಲ್ಲೇ ಲೋಲಕದ ಪೆಟ್ಟು ಎಣಿಸಲಿ. ನಿಮ್ಮ 60 ಮುಗಿದಾಗ ಅವಳ ಲೆಕ್ಕ 54 ಆಗಿದ್ದರೆ ನೀವು ಓಡಿದ್ದೀರಿ, 66 ಆಗಿದ್ದರೆ ತಡ ಮಾಡಿದ್ದೀರಿ. ಒಂದು ವಾರ ದಿನವೂ ಇದನ್ನು ಮಾಡಿ, ದಿನಾಂಕದ ಜೊತೆ ಸಂಖ್ಯೆಯನ್ನು ವಿಜ್ಞಾನದ ನೋಟ್‌ಪುಸ್ತಕದಲ್ಲಿ ಬರೆದಿಡಿ. ಕೋಲಾಟದಲ್ಲಿ ಜಗಳವಾಡಿದ ಇಬ್ಬರೂ ತಪ್ಪದೆ ಪರೀಕ್ಷೆ ಕೊಡಲಿ.